ಲೈಸೆನ್ಸ್ ಇಲ್ಲದ ಕಿವಿ

ವರ್ಕ್‌ಶಾಪಿನ ಮೇಲಿನ ಕೋಣೆ,
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ತಾತಾ,

ಹೇಗಿದ್ದೀಯ? ಮಂಡಿ ನೋವು ಇಳಿಯಿತೆ? ಚಿಕ್ಕಮ್ಮ ಅಡುಗೆಮನೆಯಲ್ಲಿ ಗೊಣಗುವುದೂ ಈಗ ಕೇಳಿಸುತ್ತದೆ, ಮೊದಲಿನ ನೆಮ್ಮದಿಯೇ ವಾಸಿಯಿತ್ತು ಎಂದು ಬರೆದಿದ್ದೆಯಲ್ಲ, ಅದನ್ನು ಇಲ್ಲಿ ಎಲ್ಲರಿಗೂ ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕರು. ನಾನು ಚೆನ್ನಾಗಿದ್ದೇನೆ ಅಂದರೆ ನೀನು ನಂಬುವವನಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ. ಈ ಕಾಗದ ಶುರುಮಾಡಿದ ಮೇಲೇ ಎರಡು ಸಲ ಎದ್ದು, ಹಾಕಿದ ಚಿಲಕವನ್ನೇ ಮತ್ತೆ ನೋಡಿ ಬಂದೆ.

ನಮ್ಮ ಶ್ರವಣಯಂತ್ರಕ್ಕೆ ಲೈಸೆನ್ಸ್ ಇನ್ನೂ ಸಿಕ್ಕಿಲ್ಲ. ಇಂಥ ಯಂತ್ರವನ್ನು ತಜ್ಞರೇ ಕಿವಿ ಪರೀಕ್ಷಿಸಿ ಹೊಂದಿಸಬೇಕು ಎನ್ನುತ್ತದೆ ಕಾನೂನು. ನಮ್ಮದೋ, ಹಾಕಿಕೊಂಡವರೇ ಹೊಂದಿಸಿಕೊಳ್ಳುವಂಥದ್ದು, ಅದಕ್ಕೇ ಅಗ್ಗ. ಹೀಗೂ ಒಂದು ಹುಟ್ಟೀತು ಎಂದು ಕಾನೂನು ಬರೆದವರಿಗೆ ಹೊಳೆದಿರಲೇ ಇಲ್ಲ. ಹಾಗಾಗಿ ನಮ್ಮ ಅರ್ಜಿ ಯಾವ ಮೇಜಿಗೂ ಸೇರದೆ ಅಲೆಯುತ್ತಿದೆ. ಎದುರು ಮಳಿಗೆಯವರು ತಮ್ಮದನ್ನು ಹಾಡು ಕೇಳುವ ಇಯರ್‌ಫೋನ್ ಅಂತ ಮಾರಿಕೊಂಡು ಆರಾಮಾಗಿದ್ದಾರೆ. ನಾವೂ ಹಾಗೇ ಮಾಡೋಣ ಎಂದ ನನ್ನ ಪಾಲುದಾರ. ನಾನು ಒಪ್ಪಲಿಲ್ಲ. ಹಾಗೆ ಮಾರಿದರೆ ಡಬ್ಬಿಯ ಮೇಲೆ ಕಿವುಡು ಎಂಬ ಮಾತೇ ಬರೆಯುವಂತಿಲ್ಲ. ಬೇಕಾದವರಿಗೆ ಗೊತ್ತಾಗುವುದಾದರೂ ಹೇಗೆ? ಇಬ್ಬರಿಗೂ ಜೋರು ಜಗಳವಾಯಿತು. ನಾಲ್ಕು ಜನರ ಕಂಪನಿಯಲ್ಲಿ ಮೂವರು ಈಗ ಅರ್ಜಿ ಬರೆಯುತ್ತಿದ್ದೇವೆ, ಒಬ್ಬಳು ಮಾತ್ರ ಯಂತ್ರ ಜೋಡಿಸುತ್ತಾಳೆ.

ಕೊನೆಗೂ ಹೊಸ ಬಗೆಯ ಯಂತ್ರಗಳಿಗೆಂದೇ ಒಂದು ಸಮಿತಿಯಾಯಿತು. ನಿನ್ನೆ ನಮ್ಮನ್ನು ಕರೆದಿದ್ದರು. ಅಧಿಕಾರಿ ಗಟ್ಟಿಗಿತ್ತಿ, ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ಇನ್ನೇನು ಆಯಿತು ಅನ್ನುವಾಗ ನಮ್ಮ ಪಾಲುದಾರ ಮಹಾಶಯ ಹೆಮ್ಮೆ ತಡೆಯಲಾರದೆ, “ಇವರ ತಾತ ಹೋದ ವರ್ಷದಿಂದ ಹಾಕ್ಕೊಂಡಿದ್ದಾರೆ ಮೇಡಂ, ಸೊಸೆ ಗೊಣಗೋದೂ ಕೇಳುತ್ತಂತೆ!” ಅಂದುಬಿಟ್ಟ. ಆಕೆ ಪೆನ್ನು ಕೆಳಗಿಟ್ಟಳು. “ಲೈಸೆನ್ಸ್ ಇಲ್ದೆ ಹೊರಗೆ ಕೊಟ್ಟಿದ್ದೀರಾ?” ಬೈಯಲಿಲ್ಲ, ಹಿಂದೆ ನಡೆದದ್ದೊಂದನ್ನು ಹೇಳಿದಳು. ಯಾರೋ ಅವಸರಕ್ಕೆ ಮಾಡಿದ ಯಂತ್ರ ಕಿರುಚಿ ಒಂದು ಮಗುವಿನ ಉಳಿದ ಕಿವಿಯೂ ಹೋಯಿತಂತೆ, ಲೈಸೆನ್ಸ್ ಇಲ್ಲದೆ ಯಾರಿಗೂ ಕೊಡಬಾರದೆಂಬ ನಿಯಮ ಬಂದದ್ದು ಆಮೇಲಂತೆ. ಬೈದಿದ್ದರೆ ತಿರುಗಿ ಜಗಳವಾದರೂ ಆಡುತ್ತಿದ್ದೆ. ಅವಳ ಮಾತು ಸರಿಯಾಗಿತ್ತು, ಅದೇ ನನಗೆ ಉರಿ. ಪಾಲುದಾರ ಬೆಳಗಿನಿಂದ ಮುಖ ಸಪ್ಪೆ ಮಾಡಿಕೊಂಡು ನನಗೆ ಮೇಲಿಂದ ಮೇಲೆ ಟೀ ತಂದುಕೊಡುತ್ತಿದ್ದಾನೆ.

ಚಿಕ್ಕಪ್ಪ, ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ಮೆಟ್ಟಿಲು ಹತ್ತಬೇಡ. ನಿನ್ನ ಆಶೀರ್ವಾದ ಈ ವಾರ ಸ್ವಲ್ಪ ಜಾಸ್ತಿಯೇ ಇರಲಿ.

ನಿನ್ನ
ಬಾಯಿಬಡುಕಿ

ವಿ.ಸೂ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಹೊರಗೆ ಕೊಟ್ಟದ್ದನ್ನು ತಂದೊಪ್ಪಿಸಿದರೆ ಮಾತ್ರ ಅರ್ಜಿ ಮುಂದೆ ಹೋಗುತ್ತದೆ, ಇಲ್ಲವಾದರೆ ಅಂಗಡಿ ಮುಚ್ಚಿದಂತೆ. ಹೊರಗಿರುವುದು ನಿನ್ನ ಕಿವಿಯಲ್ಲಿರುವುದೊಂದೇ ತಾತ. ಚಿಕ್ಕಪ್ಪನ ಕೈಲಿ ಕಳಿಸಿಬಿಡು. ಮತ್ತೆ ಯಾವಾಗ ಕೊಡಲಾದೀತೋ ಆ ಅಧಿಕಾರಿಗೂ ಗೊತ್ತಿಲ್ಲ. ತೆಗೆಯುವ ಮೊದಲು ನನಗೊಂದು ಫೋನ್ ಮಾಡು. ವಿಷಯವೇನೂ ಇಲ್ಲ, ಸುಮ್ಮನೆ ಸ್ವಲ್ಪ ಹೊತ್ತು ಮಾತಾಡೋಣ.