ನಿದ್ದೆಗಣ್ಣಿನ ಬೋಲ್ಟುಗಳು

ಜೂನ್ 11, ಶುಕ್ರವಾರ

ಟೈರು ತೊಳೆದೆ. ಒಣಗಿಸಿದೆ. ಮತ್ತೆ ತೊಳೆದೆ. ನಾಳೆಯೂ ಇದೇ ಘನಕಾರ್ಯ.

ನಡುವೆ ಹಲ್ಲಿನ ಡಾಕ್ಟರರ ಹೆಲ್ಮೆಟ್ಟಿಗೆ ಕಾಗದದ ಎರಡು ಕೋರೆಹಲ್ಲು ಅಂಟಿಸಿ ಲೋಕಕಲ್ಯಾಣ ಸಾಧಿಸಿದೆ. ಇವರು ವಾರವೆಲ್ಲ ಹಲ್ಲು ಕೀಳುತ್ತಾರೆ, ರೇಸಿನ ದಿನ ಅಕ್ಕನ ಜೊತೆ ಸರದಿಯಲ್ಲಿ ನಮ್ಮ ಕಾರು ಓಡಿಸುತ್ತಾರೆ. ಕೋರೆಹಲ್ಲಿನ ಸಮೇತ ಟ್ರ್ಯಾಕ್ ಸುತ್ತಿ ಬಂದರು. ಎಲ್ಲರೂ ಕೈ ಬೀಸಿದ್ದಕ್ಕೆ ಬಹಳ ಖುಷಿಯಾಗಿದ್ದರು, ಪಾಪ.

ಮಾವ ಕೆಮ್ಮಿದರು. ಅಮ್ಮನ ತಮ್ಮ, ನಮ್ಮ ಗ್ಯಾರೇಜಿನ ಹೆಡ್ ಮೆಕ್ಯಾನಿಕ್. ನಗು ಬಂದರೆ ಕೆಮ್ಮುವ ಜಾತಿ. ಆಮೇಲೆ ಬೈದರು.

"ಏ ಕೋತಿ, ಸುಮ್ನೆ ಕೂತ್ಕೋತೀಯೋ, ಕಟ್ಟಿ ಹಾಕ್ಲೋ?"

"ಕಟ್ಟಿ ಮಾವ. ಬಾಲ ಮಾತ್ರ ಬಿಡಿ."

ಹೋದ ರೇಸಿನಿಂದ ನನ್ನ ಹೆಡ್‌ಫೋನಿಗೆ ಮೈಕ್ ಇಲ್ಲ, ಮಾವ ಕಿತ್ತಿಟ್ಟಿದ್ದಾರೆ. ಓಡುವ ಕಾರಿಗೆ ತೋರಿಸುವ ಬೋರ್ಡಿನ ಮೇಲೆ "ಒಳಗೆ ಬಾ, ಚಹಾ ಆರುತ್ತಿದೆ" ಎಂದು ಬರೆದಿದ್ದೆ. ಅಕ್ಕ ನಿಜಕ್ಕೂ ಬಂದುಬಿಟ್ಟಿದ್ದಳು. ಅಂದಿನಿಂದ ಅವಳದು ಭೀಷ್ಮಪ್ರತಿಜ್ಞೆ: ಬೋರ್ಡು ಹಿಡಿದವಳು ನಾನಾದರೆ, ಬರೆದದ್ದು ಸುಳ್ಳು.

ಜೂನ್ 12, ಶನಿವಾರ, ಸಂಜೆ

ಡಾಕ್ಟರರು ಇಳಿಜಾರಿನ ತಿರುವಿನಲ್ಲಿ ಜಲ್ಲಿಗೆ ನುಗ್ಗಿದರು. ಅವರಿಗೆ ಏನೂ ಆಗಿಲ್ಲ. ಕಾರಿನ ಹಿಂದಿನ ಎಡಚಕ್ರ ಹಿಡಿಯುವ ತೋಳು ಸೊಟ್ಟ. "ಇದನ್ನು ಕೀಳಲೇಬೇಕು, ಸರ್," ಎಂದೆ ಗಂಭೀರವಾಗಿ. "ನೋವಾಗಲ್ಲ."

ಹೊಸ ತೋಳು ಹಾಕಿದೆವು. ಮಾವನ ಶಾಸನ ಒಂದೇ. ಬೋಲ್ಟನ್ನು ಅಳತೆಯ ಸ್ಪ್ಯಾನರಿನಲ್ಲಿ ಕೊನೆಯ ಸಲ ಬಿಗಿದ ಮೇಲೆ ಅದರ ತಲೆಯ ಮೇಲೆ ಹಳದಿ ಬಣ್ಣದ ಗೀಟು. "ಗೀಟು ಕಂಡ್ರೆ ಮುಟ್ಬೇಡ. ಕಾಣ್ದಿದ್ರೆ ಬಿಡ್ಬೇಡ." ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಗಿಳಿಯಾಗಿದ್ದರೆ ಮಾರಬಹುದಿತ್ತು.

ನಾನು ಎರಡು ಬೋಲ್ಟು ಬರೀ ಕೈಯಲ್ಲಿ ತಿರುಗಿಸಿ ಕೂರಿಸಿದ್ದೆ. ಮಾವನನ್ನು ಯಾರೋ ಕರೆದರು, ಹೋದರು. ಪೇಂಟ್ ಪೆನ್ನು ಅಲ್ಲೇ ಇತ್ತು. ಎರಡು ಬೋಲ್ಟು, ಅಕ್ಕಪಕ್ಕ, ಥೇಟ್ ಮುಖ! ಒಂದೊಂದಕ್ಕೆ ಒಂದೊಂದು ಗೀಟೆಳೆದು ಮುಚ್ಚಿದ ಕಣ್ಣು ಮಾಡಿದೆ. ನಿದ್ದೆ ಹೋದ ಕಾರು. ಮಾವ ಬಂದಾಗ ಗೊರಕೆಯ ಸದ್ದು ಮಾಡಿ ತೋರಿಸಬೇಕು ಅಂದುಕೊಂಡೆ. ಅಷ್ಟರಲ್ಲಿ "ಟೈರ್ ತಗೊಂಡ್ ಬಾರೇ!" ಎಂದು ಕೂಗು. ಓಡಿದೆ.

ಕಾಲು ಸೆಳೆಯುತ್ತಿದೆ. ಮಲಗುತ್ತೇನೆ.

ಜೂನ್ 13, ಭಾನುವಾರ, ಮಧ್ಯಾಹ್ನ

ಟೈರುಗಳ ಹಿಂದೆ ನಿಂತಿದ್ದೇನೆ. "ಇಲ್ಲೇ ಇರು, ಏನೂ ಮುಟ್ಟಬೇಡ" ಎಂದಿದ್ದಾರೆ ಮಾವ. ಪೆನ್ನು ಮುಟ್ಟಿದ್ದೇನೆ. ಈ ಡೈರಿಯದು, ಪೇಂಟಿನದಲ್ಲ.

ಡಾಕ್ಟರರ ಸರದಿ ಮುಗಿಯಿತು. ಕಾರು ಒಳಗೆ ಬಂತು. ಅಕ್ಕ ಹತ್ತಿದಳು. ನಾನು ಹಿಂದಿನ ಎಡಚಕ್ರ ಕಳಚಿದೆ — ಒಳಗಿನಿಂದ ಎರಡು ಹಳದಿ ಕಣ್ಣು ನನ್ನನ್ನೇ ನೋಡಿದವು.

ಮಾವನ ಗೀಟು ನೆಟ್ಟಗಿರುತ್ತದೆ. ಇವು ಬಾಗಿದ್ದವು. ನನ್ನವು.

ತಲೆಗೆ ಹೊಳೆಯುವ ಮೊದಲೇ ಕೈ ತನ್ನ ಕೆಲಸ ಮಾಡಿಬಿಟ್ಟಿತು. ಹೊಸ ಚಕ್ರ ಕೂರಿಸಿತು, ಬಿಗಿಯಿತು, ಆಯಿತು ಎಂದು ಮೇಲೆದ್ದಿತು. ಜ್ಯಾಕ್ ಇಳಿಯಿತು. ಅಕ್ಕ ಹೋದಳು.

"ಮಾವ, ಹಿಂದಿನ ಆ ಎರಡು ಬೋಲ್ಟು... ನೀವು ಬಿಗಿ ಮಾಡಿದ್ರಾ?"

"ಗೀಟಿತ್ತಲ್ಲ."

"ಅದು ನಾನು ಎಳೆದದ್ದು. ಬಿಗಿ ಮಾಡಿರ್ಲಿಲ್ಲ. ತಮಾಷೆಗೆ..."

"ನೋಡು, ಇವತ್ತು ಬೇಡ. ನಿನ್ನ ಆಟಕ್ಕೆ ಇವತ್ತು ಟೈಮಿಲ್ಲ."

"ಮಾವ."

ನನ್ನ ಮುಖ ನೋಡಿದರು. ಕೆಮ್ಮಲಿಲ್ಲ. ರೇಡಿಯೋದಲ್ಲಿ ಅಕ್ಕನನ್ನು ಕರೆದರು. ಬರೀ ಗೊರಗೊರ. ಕಾರು ಗುಡ್ಡದ ಆಚೆ ಹೋದರೆ ಯಾವಾಗಲೂ ಹಾಗೇ. ಈಚೆ ಬಂದಮೇಲೂ ಗೊರಗೊರ.

ಬೋರ್ಡು ನನ್ನ ಕೈಗೇ ಸಿಕ್ಕಿತು. "ಒಳಗೆ ಬಾ" ಎಂದು ಬರೆದು ಟ್ರ್ಯಾಕಿನ ಪಕ್ಕದ ಗೋಡೆಗೆ ಓಡಿದೆ. ಎತ್ತಿ ಹಿಡಿದೆ, ಕುಣಿದೆ, ಕಿರುಚಿದೆ. ಅಕ್ಕ ನೋಡಿದಳು. ನೋಡಿ, ಬೆರಳು ಆಡಿಸಿ ಹೋದಳು — "ಈ ಸಲ ಮೋಸ ಹೋಗಲ್ಲ ಕಣೇ" ಎನ್ನುವ ಹಾಗೆ. ನಗುತ್ತಿದ್ದಳು ಅನಿಸುತ್ತದೆ.

ಮಾವ ಬೋರ್ಡು ಕಿತ್ತುಕೊಂಡರು. ಈಗ ಅವರೇ ಹಿಡಿದು ನಿಂತಿದ್ದಾರೆ. ಆದರೆ ಅಕ್ಕ ಅದನ್ನು ನೋಡಬೇಕಾದರೆ ಇನ್ನೊಂದು ಇಡೀ ಸುತ್ತು ಬರಬೇಕು. ನೋಡಿದ ಮೇಲೆ ಒಳಗೆ ಬರಲು ಮತ್ತೊಂದು, ಒಳಬರುವ ದಾರಿ ಈ ಗೋಡೆಗಿಂತ ಮೊದಲೇ ಇದೆ. ಎರಡರಲ್ಲೂ ಆ ಇಳಿಜಾರು.

ಬಂತು. ನಮ್ಮದೇ. ಮಾವನನ್ನು ನೋಡಿ ಸರಿ ಎಂದು ತಲೆಯಾಡಿಸಿದಳು. ಇನ್ನೊಂದೇ ಸುತ್ತು.

ಡಾಕ್ಟರರು ಪಕ್ಕಕ್ಕೆ ಬಂದು ನೀರು ಕೊಟ್ಟರು. "ಯಾಕಮ್ಮ ಹೀಗೆ ಬಿಳುಚಿಕೊಂಡಿದ್ದೀ? ಮತ್ತೇನು ಕಿತಾಪತಿ?" ನೀರನ್ನು ಟೈರಿನ ಮೇಲಿಟ್ಟು ಟ್ರ್ಯಾಕ್ ನೋಡಿದೆ.

ಎಲ್ಲ ಕಾರಿನ ಸದ್ದೂ ನಮ್ಮದೇ ಅನಿಸುತ್ತಿದೆ. ಕೆಂಪು ಹೋಯಿತು. ನೀಲಿ ಹೋಯಿತು. ಅಕ್ಕನ ಹಿಂದಿದ್ದ ಬಿಳಿ ಹೋಯಿತು. ಹಿಂದಿದ್ದದ್ದು ಮೊದಲು ಯಾಕೆ ಬಂತು... ದೇವರೇ, ಇನ್ನು ಜನ್ಮದಲ್ಲಿ ನಗಿಸಲ್ಲ, ನಗುವುದೂ ಇಲ್ಲ, ಟೈರು ತೊಳೆದುಕೊಂಡು ಬಿದ್ದಿರ್ತೀನಿ, ಅವಳೊಬ್ಬಳು

ಜೂನ್ 16, ಬುಧವಾರ

ಬಂದಳು. ನಿಧಾನವಾಗಿ, ಅಂಚಿನಲ್ಲಿ. "ಹಿಂದೆ ಏನೋ ತೂಗಾಡ್ತಿದೆ ಮಾವ," ಎಂದಳು. ಒಂದು ಬೋಲ್ಟು ಮಾವನ ಬೆರಳಿಗೇ ಬಿಚ್ಚಿ ಬಂತು. ಇನ್ನೊಂದು ಇರಲೇ ಇಲ್ಲ.

ಹೊಸವು ಹಾಕಿ ಕಳಿಸಿದರು. ಕೊನೆಯಿಂದ ಮೊದಲನೆಯವರಾಗಿ ಮುಗಿಸಿದೆವು. ಮಾವ ಬೈದಿದ್ದರೆ ಊಟ ಇಳಿಯುತ್ತಿತ್ತು.

ಇವತ್ತು ಅಕ್ಕನಿಗೆ ನಾನೇ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಣ್ಣು ಬರೆದ್ಯಾ? ಒಳ್ಳೇ ಕಥೆ ಕಟ್ತೀಯ ಕಣೇ!" ಎಂದು ಮಾವನ ಕಡೆ ತಿರುಗಿದಳು. ಮಾವ ಕೆಮ್ಮಲಿಲ್ಲ. ನಗು ನಿಂತಿತು. ಅಕ್ಕನ ನಗು ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ.

ಎದ್ದು ಹೋದಳು.

ಜುಲೈ 3, ಶನಿವಾರ, ಬೆಳಿಗ್ಗೆ

ಮತ್ತೆ ರೇಸು. ಬೇರೆ ಟ್ರ್ಯಾಕು, ಅದೇ ಟೈರು. ಹೆಲ್ಮೆಟ್ಟಿಗೆ ಏನೂ ಅಂಟಿಸಿಲ್ಲ. ಡಾಕ್ಟರರು ತಾವೇ ಹುಡುಕಿ ನೋಡಿ ಸಪ್ಪಗಾದರು.

ಅಕ್ಕ ಮೊನ್ನೆ ಮಾತಾಡಿದಳು. ನನ್ನ ಹತ್ತಿರ ಅಲ್ಲ, ಮಾವನ ಹತ್ತಿರ. "ನನ್ ಕಾರಿಗೆ ಗೀಟು ಇನ್ಮೇಲೆ ಅವಳೇ ಎಳೀಲಿ."

"ಅವಳಾ? ತಲೆ ನೆಟ್ಟಗಿದೆಯಾ ನಿಂಗೆ?"

"ಅವಳಷ್ಟು ಹೆದರಿದವ್ರು ನಮ್ಮಲ್ಲಿ ಇನ್ಯಾರಿದ್ದಾರೆ ಮಾವ?"

ಪೆನ್ನು ನನ್ನ ಜೇಬಿಗೆ ಬಂತು. ಬೆಳಿಗ್ಗೆಯಿಂದ ಬಿಗಿದೆ, ಎಳೆದೆ. ಬಿಗಿದೆ, ಎಳೆದೆ. ನೆಟ್ಟಗೆ, ಮಾವನದರಂತೆ. ಮುಂದಿನವು ಆಯಿತು. ಹಿಂದೆ ಬಲ ಆಯಿತು. ಎಡದ ಹೊತ್ತಿಗೆ ಡಾಕ್ಟರರು ಏನೋ ಕೇಳಿದರು, ಉತ್ತರ ಕೊಟ್ಟೆ, ಮತ್ತೆ ಬಗ್ಗಿದೆ. ಗೀಟು ಇತ್ತು.

ಇತ್ತು. ನಾನೇ ಎಳೆದದ್ದು. ಆದರೆ ಬಿಗಿದು ಎಳೆದೆನೋ, ಎಳೆದು ಬಿಗಿಯೋಣ ಅಂತ

ಅಕ್ಕ ಎಂಜಿನ್ ಶುರು ಮಾಡಿದಳು. ಓಡಿ ಹೇಳ್ತೀನಿ, ಈ ಸಲ ಹೊರಡೋ ಮೊದಲೇ.