ಉಡಿ ತುಂಬಿಸಿಕೊಂಡು ಹೋದ ಟಿವಿ

ಅತ್ತೆಮ್ಮಾ,

ನಿಮ್ಮ ಸೊಸೆ ಶಂಕ್ರಮ್ಮನ ಶರಣು. ಪೂರ್ತಿ ಓದಿ, ಆಮೇಲೆ ಬೈಯಿರಿ. ಹಿಂದಿನ ಕೋಣೆ ಖಾಲಿ ಮಾಡಿದೆ.

ಪ್ರತಿ ದಸರೆಗೂ ನೀವು ಟಿವಿ, ಫ್ರಿಜ್, ವಾಷಿಂಗ್ ಮಷೀನಿಗೆ ಸಾಲಾಗಿ ಕುಂಕುಮ ಹಚ್ಚುತ್ತಿದ್ದದ್ದು ಇನ್ನೂ ಕಣ್ಣಮುಂದಿದೆ. ಅವು ಕೆಟ್ಟ ಮೇಲೂ ಬಿಡಲಿಲ್ಲ. ಕೆಟ್ಟ ಫ್ರಿಜ್ಜಿನಲ್ಲಿ ನಿಮ್ಮ ಸೀರೆ, ಕೆಟ್ಟ ವಾಷಿಂಗ್ ಮಷೀನಿನಲ್ಲಿ ಜೋಳ, ಪಕ್ಕದಲ್ಲಿ ಆ ಡುಬ್ಬದ ಟಿವಿಗಳು, ಮಿಕ್ಸರುಗಳು... ಗುಜರಿಯವನು ಬಂದರೆ ಬಾಗಿಲಿಗೇ ಅಡ್ಡ ನಿಲ್ಲುತ್ತಿದ್ದಿರಿ. “ಕುಂಕುಮ ಹಚ್ಚಿಸಿಕೊಂಡಿದ್ದು ಮನೀ ಮಂದಿ. ತಕ್ಕಡಿಗಿ ಹಾಕಿದ್ರ ನನ್ನಾಣಿ ಐತಿ ನೋಡು!” ಬೇರೆಯವರು ಕೊನೆಗಾಲದಲ್ಲಿ ಬಂಗಾರದ ಮಾತಾಡುತ್ತಾರೆ. ನೀವು ನನ್ನ ಕೈ ಹಿಡಿದು ಕೆಟ್ಟ ಟಿವಿಗಾಗಿ ಭಾಷೆ ತೆಗೆದುಕೊಂಡಿರಿ. ಹೂಂ ಅಂದೆ. ಅನ್ನದೆ ಏನು ಮಾಡಲಿ?

ಆದರೆ ನಿಮ್ಮ ಮೊಮ್ಮಗಳು ಸವಿತಾ ಗಂಡನ ಊರು ಐಜದಿಂದ ಚೊಚ್ಚಲ ಹೆರಿಗೆಗೆ ಬರುವವಳಾದಳು. ಇರುವುದು ಅದೊಂದೇ ಕೋಣೆ. ಬಾಣಂತಿಯನ್ನು ಫ್ರಿಜ್ಜಿನ ಮೇಲೆ ಮಲಗಿಸಲೇ? ನಿಮ್ಮ ಮಗ ಕಸದ ಗಾಡಿಯವನನ್ನು ಕೇಳಿದರು. “ಹಸಿ ಕಸ, ಒಣ ಕಸ ಅಷ್ಟ ರೀ. ಇದು ಯಾವುದರಾಗ ಬರ್ತೈತಿ?” ಅಂದನಂತೆ. “ಹಂಗಾರ ಹಳೇ ದೇವ್ರ ಫೋಟೋ ಬಿಟ್ಟಂಗ ಕೃಷ್ಣಾ ಹೊಳಿಗಿ ಬಿಟ್ಟು ಬರೂಣೇನು?” ಎಂದರು ಇವರು. ಪಾಪ, ಆ ಹೊಳೆ ನಮಗೇನು ಮಾಡಿತ್ತು? ಅತ್ತ ಬಸುರಿ, ಇತ್ತ ನಿಮ್ಮ ಆಣೆ. ನನಗೆ ಊಟವೇ ಸೇರದಾಯಿತು.

ಶುಕ್ರವಾರ ದೀಪ ಹಚ್ಚುವಾಗ ಹೊಳೆಯಿತು. ಮನೆಮಂದಿಯನ್ನು ತೂಗಿ ಕಳಿಸುತ್ತೇವೆಯೇ? ಉಡಿ ತುಂಬಿ ಕಳಿಸುತ್ತೇವೆ! ಸೀರೆ, ಜೋಳ ತೆಗೆದಿಟ್ಟು, ಒಂದೊಂದರ ಮೇಲೂ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟೆ. ಗುಜರಿ ನರಸಿಂಹಲು ತಕ್ಕಡಿ ಹಿಡಿದು ಬಂದವನು ಕಕ್ಕಾಬಿಕ್ಕಿ.

“ಅಮ್ಮಾ, ನಾನೇನು ನಿಮ್ಮ ಬೀಗನೇನ್ರಿ?”

“ಹಂಗ ಅನ್ಕೋ. ತೂಕ ಬ್ಯಾಡ, ರೊಕ್ಕಾನೂ ಬ್ಯಾಡ. ತಾಮ್ರದ ಆಸೇಕ ವಾಯರಿಗಿ ಬೆಂಕಿ ಹಚ್ಚಿ ಸುಡಬ್ಯಾಡ, ಅಷ್ಟ ಸಾಕು” ಎಂದೆ.

ಟ್ರಾಲಿ ಹೊರಟಾಗ ನಿಮ್ಮ ಮಗ ನಕ್ಕು ನಕ್ಕು ಕೆಮ್ಮಿದರು. ನನಗೆ ಮಾತ್ರ ಯಾಕೋ...

ಮೊನ್ನೆ ಅದೇ ನರಸಿಂಹಲು ಮುಖ ಇಳಿಬಿಟ್ಟುಕೊಂಡು ಬಂದ. “ಹಿಂಗ್ಯಾಕ ಮಾಡಿದ್ರಿ ಅಮ್ಮಾ? ಉಡಿ ತುಂಬಿದ್ದನ್ನ ಒಡಿಯಾಕ ನನ್ನ ಹೆಂಡ್ತಿ ಬಿಡವಲ್ಲಳು. ಫ್ರಿಜ್ಜಿನಾಗ ಆಗ್ಲೇ ತನ್ನ ಸೀರಿ ಜೋಡಿಸ್ಯಾಳ. ನಾ ಎಲ್ಲಿ ಮಲಗಲಿ?” ನೋಡಿದಿರಾ, ನಿಮ್ಮ ಕಾನೂನು ಎಲ್ಲಿಯವರೆಗೆ ಹೋಯಿತು!

ನಿನ್ನೆ ಸವಿತಾ ಬಂದಳು. ಕೋಣೆಗೆ ಸುಣ್ಣ ಬಳಿಸಿ ಮಂಚ ಹಾಕಿಸಿದ್ದೆ. ಹುಡುಗಿ ಹೊಸಿಲಲ್ಲೇ ನಿಂತು ಅತ್ತಳು. “ಅವ್ವಾ, ಅಜ್ಜಿ ಈಗ ಹೋದಂಗಾತಲ್ಲ” ಎಂದಳು. ಆ ಕೋಣೆಗಾಗಿ ನಿಮ್ಮೊಂದಿಗೆ ಅಷ್ಟು ವರ್ಷ ಜಗಳಾಡಿದವಳು ನಾನು. ನಾನೂ ಅತ್ತುಬಿಟ್ಟೆ, ಅತ್ತೆಮ್ಮಾ.

ಇವತ್ತು ಬೆಳಿಗ್ಗೆ ಚಟ್ನಿ ರುಬ್ಬುವಾಗ ಹೊಸ ಮಿಕ್ಸರ್ ಸುಟ್ಟುಹೋಯಿತು. “ನರಸಿಂಹಲುನ ಕರೀಲೇನು?” ಎಂದರು ನಿಮ್ಮ ಮಗ.

“ಒಂದ ಐತಲ್ರಿ, ಇರ್ಲಿ ಬಿಡ್ರಿ” ಎಂದು ಅದನ್ನು ಸವಿತಾಳ ಮಂಚದ ಕೆಳಗೆ ತಳ್ಳಿದೆ.

ನಿಮ್ಮ ಶಂಕ್ರಮ್ಮ