ಒಬ್ಬಳೇ ಕೂತ ಮಗುವಿಗೆ ಹೆಚ್ಚು ಕಡಿಮೆ ಹೇಗೆ ಕಲಿಸಲಿ?

ಮಕ್ಕಳ ಲೆಕ್ಕದ ಮಟ್ಟ ಅಳೆಯುವ ಮಾನ್ಯ ಅಧಿಕಾರಿಗಳೇ,

ಐದು ವರ್ಷದ ಹುಡುಗಿಯೊಬ್ಬಳನ್ನು ತಾವು ಒಬ್ಬಂಟಿ ಮಾಡಿದ್ದೀರಿ. ಅವಳ ಅಪರಾಧ ಇಷ್ಟೇ: ತಮ್ಮ ಪರೀಕ್ಷೆಯಲ್ಲಿ ದೂರದೂರ ಇಟ್ಟ ನಾಲ್ಕು ಅಂಗಿ ಗುಂಡಿಗಳನ್ನೂ ಒತ್ತೊತ್ತಾಗಿ ಇಟ್ಟ ಆರು ಗುಂಡಿಗಳನ್ನೂ ತೋರಿಸಿ, ಯಾವುದು ಹೆಚ್ಚು ಎಂದಾಗ ನಾಲ್ಕರ ಉದ್ದದ ಸಾಲಿಗೆ ಬೆರಳಿಟ್ಟಳು. ಆ ವಯಸ್ಸಿನಲ್ಲಿ ಎಷ್ಟೋ ಮಕ್ಕಳು ಮಾಡುವ ತಪ್ಪದು. ಕಣ್ಣು ಮೊದಲು ಉದ್ದ ನೋಡುತ್ತದೆ, ಎಣಿಕೆ ಆಮೇಲೆ ಬರುತ್ತದೆ. ಆದರೆ ಸೋತವರಿಗೆ ಪ್ರತ್ಯೇಕ ಕೊಠಡಿ ಎಂದು ತಮ್ಮ ಘನ ಆದೇಶ. ನಮ್ಮ ಶಾಲೆಯಲ್ಲಿ ಸೋತವಳು ಅವಳೊಬ್ಬಳೇ. ಹಾಗಾಗಿ ಮುರಿದ ಬೆಂಚುಗಳನ್ನು ಪೇರಿಸಿಟ್ಟ ಕೋಣೆಯಲ್ಲಿ ಈಗ ಅವಳು, ಎದುರಿಗೆ ಅವಳಿಗೆಂದೇ ನೇಮಕವಾದ ಟೀಚರ್ ನಾನು. ಆಟದ ಬಿಡುವೂ ನಮಗೆ ಬೇರೆ. ಏರಿಳಿಯುವ ಸೀಸಾ ಹಲಗೆಯ ಒಂದು ತುದಿಯಲ್ಲಿ ಅವಳು ಕೂತು ಕಾಲಿಂದ ನೆಲ ಕೆರೆಯುತ್ತಾಳೆ. ಇನ್ನೊಂದು ತುದಿಗೆ ನಾನು ಕೂತರೆ ಪಾಪ, ಅವಳ ತುದಿ ಕೆಳಗಿಳಿಯುವುದೇ ಇಲ್ಲ.

ಹೆಚ್ಚು ಕಡಿಮೆಯನ್ನು ನಾವು ಕಲಿಸುವುದು ಹೇಗೆ, ಗೊತ್ತೇ ತಮಗೆ? ಮಕ್ಕಳನ್ನು ಎರಡು ಸಾಲು ಮಾಡಿ, ಎದುರುಬದುರು ನಿಲ್ಲಿಸಿ, ಒಬ್ಬರು ಒಬ್ಬರ ಕೈ ಮಾತ್ರ ಹಿಡಿಯಿರಿ ಅನ್ನುತ್ತೇವೆ. ಕೈ ಸಿಗದೆ ಉಳಿದವರು ಯಾವ ಸಾಲಿನಲ್ಲೋ, ಆ ಸಾಲು ಹೆಚ್ಚು. ಉಳಿದವನು "ನಮ್ದೇ ಜಾಸ್ತಿ!" ಅಂತ ಕುಣಿಯುತ್ತಾನೆ. ಈಗ ಹೇಳಿ ಸ್ವಾಮಿ, ಇವಳು ಯಾರ ಕೈ ಹಿಡಿಯಲಿ? ಬೆಂಚಿನ ಕಾಲನ್ನೇ?

ಗುಂಡಿಯಲ್ಲೇ ಕಲಿಸಬಹುದಲ್ಲ ಎನ್ನುತ್ತೀರಿ. ಕಲಿಸಿದೆ. ಮೊನ್ನೆ ಎರಡೂ ಸಾಲಿನ ಗುಂಡಿಗಳನ್ನು ಒಂದಕ್ಕೊಂದು ಜೋಡಿ ಮಾಡಿ ಇಟ್ಟಳು. "ಈಗ ಹೇಳು ಪುಟ್ಟಿ, ಯಾವುದು ಹೆಚ್ಚು?" ಅಂದೆ. ಪಕ್ಕದ ಕೋಣೆಯಲ್ಲಿ ಮಕ್ಕಳು ಗೊಳ್ಳೆಂದು ನಕ್ಕರು. ಇವಳು ಗುಂಡಿ ಬಿಟ್ಟು ಗೋಡೆ ನೋಡಿದಳು.

"ಟೀಚರ್, ಅಲ್ಲಿ ಜಾಸ್ತಿ ಜನ ಇದ್ದಾರೆ, ಅಲ್ವಾ?"

"ಹೂಂ."

"ಇಲ್ಲಿ ಕಡಿಮೆ."

"ಭೇಷ್! ಸರಿಯಾಗಿ ಹೇಳ್ದೆ ನೋಡು."

"ಸರಿಯಾಗಿ ಹೇಳಿದ್ನಲ್ಲ, ಮತ್ತೆ ಅಲ್ಲಿಗೆ ಹೋಗ್ಲಾ?"

ಮುಂದಿನ ಪರೀಕ್ಷೆ ಬರುವ ವರ್ಷ ಎಂದು ಆ ಮುಖಕ್ಕೆ ಹೇಗೆ ಹೇಳಲಿ? ತಮ್ಮ ಕಚೇರಿಯಲ್ಲಿ ಯಾರಾದರೂ ಹೇಳಬಲ್ಲರೋ ಇಲ್ಲವೋ, ನಾನರಿಯೆ.

ನನ್ನ ಬೇಡಿಕೆ ಒಂದೇ. ಈ ಆದೇಶವನ್ನು ಹಿಂದಕ್ಕೆ ಪಡೆಯಿರಿ, ಅವಳನ್ನು ಮಕ್ಕಳ ನಡುವೆ ಕೂರಿಸಿ. ಸೋಮವಾರದೊಳಗೆ ತಾವು ಮಾಡದಿದ್ದರೆ ನಾನೇ ಕರೆದೊಯ್ದು ಕೂರಿಸುತ್ತೇನೆ. ಆಮೇಲೆ ನನ್ನನ್ನು ಏನು ಬೇಕಾದರೂ ಮಾಡಿಕೊಳ್ಳಿ. ದಯವಿಟ್ಟು ಬೇಗ. ಮೊನ್ನೆ "ಅಲ್ಲಿಗೆ ಹೋಗ್ಲಾ?" ಎನ್ನುತ್ತಾ ಹೆಗಲಿಗೇರಿಸಿದ ಬ್ಯಾಗನ್ನು ಅವಳು ಈ ಕೋಣೆಯಲ್ಲಿ ಇಳಿಸುತ್ತಲೇ ಇಲ್ಲ.

ಇಂತಿ,
"ಬ್ಯಾಗ್ ಕೆಳಗಿಡಮ್ಮಾ" ಎನ್ನಲು ಬಾಯಿ ಬಾರದ
ಅವಳ ಟೀಚರ್